ಕಲಬೆರಕೆಯ ಪಾಪ: ‘ಕೊಲೆಕ್ಟಿವ್’ ಸಾಕ್ಷ್ಯಚಿತ್ರ ಎತ್ತುವ ಒಂದು ಪ್ರಶ್ನೆ

ಕಳೆದ ವರ್ಷ ನೀತಿ ದೈವಶಾಸ್ತ್ರದ ತರಗತಿಯಲ್ಲಿ ಸಾಮಾಜಿಕ ಪಾಪವನ್ನು ಕುರಿತ ಪಾಠಗಳು ಮುಗಿದ ವಾರ, ಕೊನೆಯ ವರ್ಷದ ಗುರು ಅಭ್ಯರ್ಥಿಗಳೊಡನೆ ಕುಳಿತು ‘ಕೊಲೆಕ್ಟಿವ್’ ಎಂಬ ರೊಮೇನಿಯಾದ ಸಾಕ್ಷ್ಯಚಿತ್ರವನ್ನು ನೋಡಿದೆ. ಪಾಠಕ್ಕೆ ಪೂರಕವಾಗಲಿ ಎಂಬುದಷ್ಟೇ ನನ್ನ ಉದ್ದೇಶವಾಗಿತ್ತು. ಚಿತ್ರ ಮುಗಿದ ಬಳಿಕ ಚರ್ಚೆ ಎಂದಿನಂತೆ ಸರಕಾರ, ವ್ಯವಸ್ಥೆ, ಮಾಧ್ಯಮ ಎಂದು ಸಾಗುತ್ತಿರುವಾಗ ಹಿಂದಿನ ಸಾಲಿನಲ್ಲಿದ್ದ ಬ್ರದರ್ ಒಬ್ಬರು ಎದ್ದು, “ಫಾದರ್, ಈ ಚಿತ್ರದಲ್ಲಿ ಪಾಪನಿವೇದನೆಗೆ ಬರಬೇಕಾದವರು ಯಾರು?” ಎಂದು ಕೇಳಿದರು. ಕೆಲವರು ನಕ್ಕರು. ಕೇಳಿದವರು ನಗಲಿಲ್ಲ. ಅಂದು ನಾನು ಕೊಟ್ಟದ್ದು ಪಠ್ಯಪುಸ್ತಕದಲ್ಲಿರುವ ಉತ್ತರ. ಅದು ತಪ್ಪು ಉತ್ತರವಲ್ಲ; ಆದರೆ ಕೇಳಿದ ಪ್ರಶ್ನೆಗೆ ಉತ್ತರವೂ ಆಗಿರಲಿಲ್ಲ. ಆ ಕೊರತೆಯನ್ನು ತುಂಬಿಕೊಳ್ಳುವ ಪ್ರಯತ್ನವಾಗಿ ಈ ಬರಹವನ್ನು ಓದುಗರು ಸ್ವೀಕರಿಸಬೇಕು.

ಮೊದಲು ಘಟನೆ. 2015ರ ಅಕ್ಟೋಬರ್ 30ರ ರಾತ್ರಿ ಬುಕಾರೆಸ್ಟ್ ನಗರದ ‘ಕೊಲೆಕ್ಟಿವ್’ ಎಂಬ ಕ್ಲಬ್ಬಿನಲ್ಲಿ ರಾಕ್ ಸಂಗೀತದ ಕಾರ್ಯಕ್ರಮ ನಡೆಯುತ್ತಿತ್ತು. ವೇದಿಕೆಯ ಮೇಲೆ ಹಚ್ಚಿದ ಬಾಣಬಿರುಸಿನ ಕಿಡಿ ಗೋಡೆ ಕಂಬಗಳಿಗೆ ಅಂಟಿಸಿದ್ದ ಫೋಮಿಗೆ ತಗುಲಿ, ಕೆಲವೇ ಕ್ಷಣಗಳಲ್ಲಿ ಇಡೀ ಸಭಾಂಗಣ ಹೊತ್ತಿ ಉರಿಯಿತು. ಚಿತ್ರವು ಕೊಡುವ ಲೆಕ್ಕದಂತೆ 27 ಮಂದಿ ಸ್ಥಳದಲ್ಲೇ ಮೃತಪಟ್ಟರು, 180 ಮಂದಿ ಗಾಯಗೊಂಡರು. ಅಗ್ನಿಸುರಕ್ಷೆಯ ಪರವಾನಗಿಯಿಲ್ಲದೆ ಕ್ಲಬ್ ನಡೆಯಲು ಅಧಿಕಾರಿಗಳು ಹೇಗೆ ಬಿಟ್ಟರು ಎಂದು ಕೇಳುತ್ತ ಜನ ಬೀದಿಗಿಳಿದರು. ನವೆಂಬರ್ 4ರಂದು ಪ್ರಧಾನಮಂತ್ರಿ ವಿಕ್ಟರ್ ಪೊಂಟಾ ರಾಜೀನಾಮೆ ಕೊಟ್ಟರು. ಇಷ್ಟೇ ಆಗಿದ್ದರೆ ಇದು ಅಗ್ನಿ ದುರಂತಗಳ ಪಟ್ಟಿಯಲ್ಲಿ ಇನ್ನೊಂದಾಗಿ ಉಳಿಯುತ್ತಿತ್ತು. ಆದರೆ ಮುಂದಿನ ತಿಂಗಳುಗಳಲ್ಲಿ ಇನ್ನೂ 37 ಮಂದಿ ಆಸ್ಪತ್ರೆಯ ಹಾಸಿಗೆಗಳ ಮೇಲೆ ಸತ್ತರು. ಅವರಲ್ಲಿ ಸಾಯಲೇಬೇಕಾದಷ್ಟು ಸುಟ್ಟಿರದಿದ್ದವರೂ ಇದ್ದರು. ಬೆಂಕಿಯಿಂದ ಪಾರಾಗಿ ಬಂದವರನ್ನು ಆಸ್ಪತ್ರೆಯಲ್ಲಿ ಅಂಟಿದ ಸೋಂಕು ಕೊಂದಿತ್ತು.

ಸೋಂಕು ಏಕೆ ಹರಡಿತು ಎಂಬುದನ್ನು ಬಯಲಿಗೆಳೆದದ್ದು ಆರೋಗ್ಯ ಇಲಾಖೆಯಲ್ಲ, ವೈದ್ಯರ ಸಂಘವಲ್ಲ, ವಿಶ್ವವಿದ್ಯಾಲಯವೂ ಅಲ್ಲ. ‘ಗಜೆಟಾ ಸ್ಪೋರ್ಟುರಿಲೋರ್’ ಎಂಬ ಕ್ರೀಡಾ ದಿನಪತ್ರಿಕೆ! ಫುಟ್ಬಾಲ್ ಪಂದ್ಯಗಳ ವರದಿ ಬರೆಯುವ ಪತ್ರಿಕೆಯ ಕಟಾಲಿನ್ ತೊಲೊಂತಾನ್ ಮತ್ತು ಅವರ ಸಂಗಡಿಗರು, ದೇಶದ ಮುನ್ನೂರೈವತ್ತರಷ್ಟು ಆಸ್ಪತ್ರೆಗಳಿಗೆ ಸೋಂಕುನಿವಾರಕ ದ್ರಾವಣಗಳನ್ನು ಪೂರೈಸುತ್ತಿದ್ದ ಹೆಕ್ಸಿ ಫಾರ್ಮಾ ಎಂಬ ಕಂಪನಿಯ ಬೆನ್ನುಹತ್ತಿದರು. ಶಸ್ತ್ರಚಿಕಿತ್ಸಾ ಕೊಠಡಿಯ ಉಪಕರಣಗಳನ್ನೂ ವೈದ್ಯರ ಕೈಗಳನ್ನೂ ಶುದ್ಧಗೊಳಿಸಬೇಕಾಗಿದ್ದ ದ್ರಾವಣಕ್ಕೆ ನೀರು ಬೆರೆಸಲಾಗಿತ್ತು. ಚೀಟಿಯ ಮೇಲೆ ಬರೆದಿದ್ದ ಪ್ರಮಾಣದ ಹತ್ತನೆಯ ಒಂದು ಪಾಲಿನಷ್ಟೇ ಸತ್ವ ಕೆಲವು ದ್ರಾವಣಗಳಲ್ಲಿತ್ತು. ನಿರ್ದೇಶಕ ಅಲೆಕ್ಸಾಂಡರ್ ನಾನಾವು ಈ ತನಿಖೆ ನಡೆಯುತ್ತಿದ್ದಾಗಲೇ ತಾವೇ ಕ್ಯಾಮೆರಾ ಹಿಡಿದು ಪತ್ರಿಕೆಯ ಕಚೇರಿಯಲ್ಲಿ ಕುಳಿತಿದ್ದರು. 2019ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮೊದಲು ತೆರೆಕಂಡ ಈ ಚಿತ್ರ 2021ರಲ್ಲಿ ಆಸ್ಕರ್ ಪ್ರಶಸ್ತಿಯ ಎರಡು ವಿಭಾಗಗಳಲ್ಲಿ ನಾಮನಿರ್ದೇಶನ ಪಡೆಯಿತು. ಬಹುಮಾನದ ಮಾತು ಇಲ್ಲಿಗೆ ಸಾಕು.

ವೈದ್ಯಕೀಯ ಭ್ರಷ್ಟಾಚಾರದ ಕಥೆ ನಮ್ಮ ಪ್ರೇಕ್ಷಕರಿಗೆ ಹೊಸದಲ್ಲ. 2002ರ ತಮಿಳು ‘ರಮಣ’ವನ್ನೂ ಅದು ಕನ್ನಡಕ್ಕೆ ‘ವಿಷ್ಣುಸೇನ’ವಾಗಿ ಬಂದದ್ದನ್ನೂ ಓದುಗರು ಮರೆತಿರಲಾರರು. ಸತ್ತ ದೇಹಕ್ಕೆ ಚಿಕಿತ್ಸೆಯ ನಾಟಕವಾಡಿ ಹಣ ಸುಲಿಯುವ ಆಸ್ಪತ್ರೆ ಆ ಕಥೆಯ ಪ್ರಸಿದ್ಧ ಸನ್ನಿವೇಶ. ಅಲ್ಲಿ ಭ್ರಷ್ಟರ ಪಟ್ಟಿ ತಯಾರಾಗುತ್ತದೆ, ನಾಯಕನು ದಂಡಿಸುತ್ತಾನೆ, ನಾವು ಚಪ್ಪಾಳೆ ತಟ್ಟಿ ಹಗುರವಾಗಿ ಮನೆಗೆ ಹೋಗುತ್ತೇವೆ. ಪಾಪವೆಲ್ಲ ತೆರೆಯ ಮೇಲಿದ್ದವರದು; ಪ್ರೇಕ್ಷಕನದು ನ್ಯಾಯಾಧೀಶನ ಪೀಠ. ‘ಕೊಲೆಕ್ಟಿವ್’ ಈ ಪೀಠವನ್ನು ನಮಗೆ ಕೊಡುವುದಿಲ್ಲ. ಇದರಲ್ಲಿ ನಿರೂಪಕನ ದನಿಯಿಲ್ಲ, ಕ್ಯಾಮೆರಾದ ಮುಂದೆ ಕುಳ್ಳಿರಿಸಿ ಕೇಳುವ ಸಂದರ್ಶನಗಳಿಲ್ಲ, ಯಾರು ಒಳ್ಳೆಯವರೆಂದು ತಿಳಿಸುವ ಹಿನ್ನೆಲೆ ಸಂಗೀತವೂ ಇಲ್ಲವೆನ್ನಬೇಕು. ಜನ ಫೋನಿನಲ್ಲಿ ಮಾತನಾಡುತ್ತಾರೆ, ಕಾಗದಗಳನ್ನು ತಿರುವಿ ಹಾಕುತ್ತಾರೆ, ಪತ್ರಿಕಾಗೋಷ್ಠಿಗಳಲ್ಲಿ ಬೆವರುತ್ತಾರೆ. ನಾವು ಪಕ್ಕದಲ್ಲಿ ನಿಂತು ನೋಡುತ್ತೇವೆ. ಇಂಥ ಚಿತ್ರಕ್ಕೆ ನಮ್ಮ ನುಡಿ ‘ಸಾಕ್ಷ್ಯಚಿತ್ರ’ ಎಂಬ ಹೆಸರನ್ನಿಟ್ಟಿರುವುದು ಎಷ್ಟು ಉಚಿತ! ಸಾಕ್ಷ್ಯವೆಂಬುದು ಧರ್ಮಸಭೆಯ ಮೊದಲ ಪದಗಳಲ್ಲಿ ಒಂದು. ಹುತಾತ್ಮನನ್ನು ಸೂಚಿಸುವ ಗ್ರೀಕ್ ಪದದ ಮೂಲ ಅರ್ಥವೂ ಸಾಕ್ಷಿಯೇ.

ಚಿತ್ರದ ಹೃದಯವಿರುವುದು ನೀರಿನಲ್ಲಿ. ಇದನ್ನು ಸ್ವಲ್ಪ ವಿವರಿಸಬೇಕು.

ಯೆಶಾಯನ ಪ್ರವಾದನೆಯ ಮೊದಲ ಅಧ್ಯಾಯದ 22ನೆಯ ವಚನದಲ್ಲಿ ಯೆರೂಸಲೇಮಿನ ಮೇಲೆ ಎರಡು ಆಪಾದನೆಗಳಿವೆ: ಬೆಳ್ಳಿ ಕಿಟ್ಟವಾಗಿದೆ, ದ್ರಾಕ್ಷಾರಸಕ್ಕೆ ನೀರು ಬೆರೆತಿದೆ. ಮರುವಚನದಲ್ಲೇ ಅಧಿಕಾರಿಗಳು ಲಂಚಕ್ಕೆ ಕೈಯೊಡ್ಡುವುದನ್ನೂ ಅನಾಥರ, ವಿಧವೆಯರ ವ್ಯಾಜ್ಯ ಅವರ ಕಿವಿಗೆ ಬೀಳದಿರುವುದನ್ನೂ ಪ್ರವಾದಿ ಹೇಳುತ್ತಾನೆ. ಈ ಎರಡು ವಚನಗಳ ಕ್ರಮವನ್ನು ನಾನು ಹಲವು ವರ್ಷ ಗಮನಿಸಿಯೇ ಇರಲಿಲ್ಲ. ಲಂಚಕ್ಕಿಂತ ಮೊದಲು ಕಲಬೆರಕೆ ಬರುತ್ತದೆ. ಲಂಚ ಇಬ್ಬರ ನಡುವಿನ ವ್ಯವಹಾರ. ಕೊಡುವವನಿಗೂ ತೆಗೆದುಕೊಳ್ಳುವವನಿಗೂ ಅದು ಲಂಚವೆಂದು ಗೊತ್ತು. ಕಲಬೆರಕೆಯಲ್ಲಾದರೋ ನಷ್ಟಕ್ಕೆ ಒಳಗಾಗುವವನಿಗೆ ಏನೂ ತಿಳಿಯದು. ಬಾಟಲಿ ಅದೇ, ಬಣ್ಣ ಅದೇ, ಚೀಟಿ ಅದೇ. ಒಳಗಿದ್ದುದು ಮಾತ್ರ ಅದಲ್ಲ. ಹಾಲಿಗೆ ನೀರು ಬೆರೆಸುವವನನ್ನು ಬೈಯುವ ಗೃಹಿಣಿಗೆ ಕೂಡ ತಿಳಿದಿರುವ ಈ ಸಂಗತಿಯನ್ನು ನಮ್ಮ ನೀತಿಶಾಸ್ತ್ರದ ಪಠ್ಯಗಳು ಸಾಮಾನ್ಯವಾಗಿ ಏಳನೆಯ ಆಜ್ಞೆಯ ಅಡಿಯಲ್ಲಿ, ಕಳವಿನ ಉಪವಿಭಾಗವಾಗಿ, ಅರ್ಧ ಪುಟದಲ್ಲಿ ಮುಗಿಸುತ್ತವೆ. ಚಿತ್ರವನ್ನು ನೋಡಿದ ಮೇಲೆ ಅದನ್ನು ಎಂಟನೆಯ ಆಜ್ಞೆಗೆ ಸೇರಿಸಬೇಕೆಂದು ನನಗೆ ಅನಿಸಿದೆ. ಇದು ಮೊದಲು ಸುಳ್ಳು, ಆಮೇಲೆ ಕಳವು, ಕೊನೆಗೆ ಕೊಲೆ.

ಯಾಜಕರಾದ ನಮಗೆ ಇದು ಇನ್ನೊಂದು ಕಾರಣಕ್ಕಾಗಿ ಹತ್ತಿರದ ವಿಷಯ. ಪ್ರತಿದಿನ ಬಲಿಪೂಜೆಯಲ್ಲಿ ಕಾಣಿಕೆಯ ಸಮಯದಲ್ಲಿ ದ್ರಾಕ್ಷಾರಸಕ್ಕೆ ನಾವು ನೀರು ಬೆರೆಸುತ್ತೇವೆ. ಎಷ್ಟು? ಧರ್ಮಸಭೆಯ ಕಾನೂನು ಸಂಹಿತೆಯ 924ನೆಯ ಕಟ್ಟಳೆ ‘ಸ್ವಲ್ಪ’ ಎನ್ನುತ್ತದೆ. ಅದೇ ಕಟ್ಟಳೆ ದ್ರಾಕ್ಷಾರಸವು ಕೆಟ್ಟಿರಬಾರದು ಎಂದೂ ವಿಧಿಸುತ್ತದೆ. ಕೆಟ್ಟಿರುವುದಕ್ಕೆ ಲತೀನಿನಲ್ಲಿ ಬಳಸಿರುವ ಪದವು ಭ್ರಷ್ಟಾಚಾರಕ್ಕೆ ಯೂರೋಪಿನ ಭಾಷೆಗಳು ಬಳಸುವ ಪದದ ಬೇರೇ ಆಗಿದೆ. ಹತ್ತು ಪಾಲು ನೀರಿಗೆ ಒಂದು ಪಾಲು ದ್ರಾಕ್ಷಾರಸವಿದ್ದರೆ ಪಾತ್ರೆ ಚಿನ್ನದ್ದಾಗಿರಲಿ, ಗುರುವು ಭಕ್ತನಾಗಿರಲಿ, ಪ್ರಾರ್ಥನೆ ಒಂದಕ್ಷರ ತಪ್ಪದಿರಲಿ, ಅಲ್ಲಿ ಸಂಸ್ಕಾರವಿಲ್ಲ. ನಾವು ಸಂಸ್ಕಾರಗಳ ‘ದ್ರವ್ಯ’ವನ್ನು ಕುರಿತು ಇಷ್ಟು ಕಟ್ಟುನಿಟ್ಟಾಗಿರುವುದು ಜಿಪುಣತನದ ವಿಧಿನಿಷ್ಠೆಯಲ್ಲ. ದೇವರು ವಸ್ತುಗಳ ಮೂಲಕ ನಮ್ಮನ್ನು ಮುಟ್ಟುತ್ತಾರೆ, ಆದ್ದರಿಂದ ವಸ್ತು ನಿಜವಾಗಿರಬೇಕು ಎಂಬ ನಂಬಿಕೆ ಅದು. ಅಂತಿಯೋಕ್ಯದ ಸಂತ ಇಗ್ನಾಸಿಯುಸ್ ಪರಮ ಪ್ರಸಾದವನ್ನು ಅಮರತ್ವದ ಔಷಧವೆಂದು ಕರೆದದ್ದನ್ನು ನಾವು ಪರೀಕ್ಷೆಗಳಲ್ಲಿ ಬರೆಯುತ್ತೇವೆ. ಹಾಗಿದ್ದರೆ ಔಷಧದ ದ್ರವ್ಯವನ್ನು ಕುರಿತು, ವಾರ್ಡಿನ ಬಾಟಲಿಯಲ್ಲಿರುವುದನ್ನು ಕುರಿತು, ನಮ್ಮ ದೈವಶಾಸ್ತ್ರಕ್ಕೆ ಏನೂ ಹೇಳುವುದಿಲ್ಲವೇ? ಸುಟ್ಟ ಮೈಯ ಯುವಕನೊಬ್ಬನು ಕಣ್ಣುಮುಚ್ಚಿ ತನ್ನನ್ನು ಒಪ್ಪಿಸಿಕೊಳ್ಳುವ ಆ ನಂಬಿಕೆಯೂ ಒಂದು ಬಗೆಯ ವಿಶ್ವಾಸವೇ. ಅವನು ಬಾಟಲಿಯನ್ನು ಪರೀಕ್ಷಿಸಲಾರ.

ಈ ಸುಳ್ಳು ಬಾಟಲಿಯಲ್ಲೇ ನಿಲ್ಲಲಿಲ್ಲ ಎಂಬುದನ್ನು ಚಿತ್ರವು ಬಹಳ ತಾಳ್ಮೆಯಿಂದ ತೋರಿಸುತ್ತದೆ. ಬೆಂಕಿಯ ಮೊದಲ ದಿನಗಳಲ್ಲಿ ಅಧಿಕಾರದಲ್ಲಿದ್ದವರು ನಮ್ಮಲ್ಲಿ ಎಲ್ಲವೂ ಇದೆ, ಜರ್ಮನಿಯಲ್ಲಿ ದೊರೆಯುವಂಥ ಚಿಕಿತ್ಸೆ ಇಲ್ಲೇ ದೊರೆಯುತ್ತದೆ ಎಂದು ಭರವಸೆ ಕೊಟ್ಟಿದ್ದರು. ಆ ಮಾತನ್ನು ನಂಬಿದ್ದರಿಂದ ಗಾಯಾಳುಗಳನ್ನು ಹೊರದೇಶಕ್ಕೆ ಸಾಗಿಸುವುದು ತಡವಾಯಿತು. ಚಿತ್ರದ ಆರಂಭದಲ್ಲಿ ಮಗನನ್ನು ಕಳೆದುಕೊಂಡ ತಂದೆಯೊಬ್ಬರು ಸಂತ್ರಸ್ತ ಕುಟುಂಬಗಳ ಸಭೆಯಲ್ಲಿ ಎದ್ದು ಮಾತನಾಡುತ್ತಾರೆ. ಅವರು ಕೂಗುವುದಿಲ್ಲ. ಅವರ ಸಂಯಮವೇ ನಮ್ಮನ್ನು ಕುಗ್ಗಿಸುತ್ತದೆ. ಮುಂದೆ ದ್ರಾವಣದ ಸುದ್ದಿ ಪ್ರಕಟವಾದಾಗ ಸಚಿವಾಲಯವು ತಾನೇ ಪರೀಕ್ಷೆ ಮಾಡಿಸಿ, ಬಹುಪಾಲು ಮಾದರಿಗಳು ಸರಿಯಿವೆ ಎಂದು ಘೋಷಿಸಿತು. ಪತ್ರಕರ್ತರು ಕೆದಕಿದಾಗ ಆ ಪರೀಕ್ಷೆಯ ಹುರುಳೂ ಹೊರಬಿತ್ತು. ಆರೋಗ್ಯ ಸಚಿವರು ಸ್ಥಾನ ಬಿಡಬೇಕಾಯಿತು. ನೀರು ಬೆರೆತದ್ದು ದ್ರಾವಣಕ್ಕೆ ಮಾತ್ರವಲ್ಲ, ಮಾತಿಗೂ.

ಇಲ್ಲಿ ಬ್ರದರ್ ಕೇಳಿದ ಪ್ರಶ್ನೆಗೆ ಬರುತ್ತೇನೆ. ಅಂದು ನಾನು ಕೊಟ್ಟ ಉತ್ತರ ಹೀಗಿತ್ತು: ಸಂತ ಎರಡನೆಯ ಜಾನ್ ಪಾಲರು 1984ರ ಪ್ರೇಷಿತ ಬೋಧನೆಯಲ್ಲಿ, ಮತ್ತೆ 1987ರ ‘ಸೊಲ್ಲಿಸಿತೂದೊ ರೇಯಿ ಸೊಸಿಯಾಲಿಸ್’ ವಿಶ್ವಪತ್ರದಲ್ಲಿ, ಪಾಪದ ವ್ಯವಸ್ಥೆಗಳು ವ್ಯಕ್ತಿಗಳ ಪಾಪಗಳಿಂದಲೇ ಹುಟ್ಟಿ, ಬೆಳೆದು, ಗಟ್ಟಿಯಾಗುತ್ತವೆ ಎಂದು ಬೋಧಿಸಿದ್ದಾರೆ, ಆದ್ದರಿಂದ ವ್ಯವಸ್ಥೆಯೆಂಬ ಹೆಸರಿನ ಹಿಂದೆ ಯಾರೂ ಅಡಗಲಾಗದು. ಸರಿಯಾದ ಬೋಧನೆ. ಆದರೆ ಅದನ್ನು ನಾವು ಬಳಸುವ ಬಗೆ ಬೇರೆ. ‘ವ್ಯವಸ್ಥೆ ಕೆಟ್ಟಿದೆ’ ಎಂಬ ಮಾತನ್ನು ಪ್ರಬೋಧನೆಯಲ್ಲಿ ಹೇಳಿದಾಗ ಕೇಳುವವರೆಲ್ಲ ತಲೆದೂಗುತ್ತಾರೆ, ಏಕೆಂದರೆ ಆ ಮಾತು ಯಾರನ್ನೂ ಮುಟ್ಟುವುದಿಲ್ಲ. ಹೇಳಿದವನನ್ನಂತೂ ಮೊದಲೇ ಮುಟ್ಟುವುದಿಲ್ಲ.

ಚಿತ್ರದಲ್ಲಿರುವವರನ್ನು ಒಬ್ಬೊಬ್ಬರಾಗಿ ನೋಡೋಣ. ಕಂಪನಿಯ ಮಾಲೀಕನಿದ್ದಾನೆ. ನಾವು ಅವನನ್ನು ಸರಿಯಾಗಿ ನೋಡುವುದೇ ಇಲ್ಲ. 2016ರ ಮೇ ತಿಂಗಳಲ್ಲಿ, ಹಗರಣ ಬಯಲಾದ ಕೆಲವೇ ವಾರಗಳಲ್ಲಿ, ಅವನು ಕಾರು ಮರಕ್ಕೆ ಬಡಿದು ಸತ್ತ. ಅಪಘಾತವೋ, ಆತ್ಮಹತ್ಯೆಯೋ, ಬೇರೆ ಏನೋ ಎಂಬ ಪ್ರಶ್ನೆ ಚಿತ್ರದಲ್ಲಿ ಹಾಗೆಯೇ ಉಳಿಯುತ್ತದೆ. ಪತ್ರಿಕಾ ಕಚೇರಿಗೆ ಸುದ್ದಿ ಬರುವ ಆ ಗಳಿಗೆಯಲ್ಲಿ ಯಾರ ಮುಖದಲ್ಲಿಯೂ ಗೆಲುವಿಲ್ಲ. ಯಾಜಕನಾಗಿ ಆ ಸನ್ನಿವೇಶವನ್ನು ನೋಡುವಾಗ ನನಗೆ ಆದದ್ದು ಭಯ: ಒಬ್ಬ ಮನುಷ್ಯನ ನಿವೇದನೆಯ ಅವಕಾಶ ಮುಗಿದುಹೋಯಿತಲ್ಲ! ಅವನ ಆತ್ಮದ ಸ್ಥಿತಿ ದೇವರಿಗೆ ಬಿಟ್ಟದ್ದು. ಆಮೇಲೆ ಆಸ್ಪತ್ರೆಯ ಆಡಳಿತಗಾರರಿದ್ದಾರೆ. ರಾಜಕೀಯ ಪಕ್ಷಗಳ ಕೃಪೆಯಿಂದ ನೇಮಕಗೊಂಡವರು, ಖರೀದಿಯಲ್ಲಿ ಪಾಲು ಪಡೆದವರು. ಅವರಿಗೆ ಕಾಗದ ಸರಿಯಿದ್ದರೆ ಸಾಕು. ಪೋಪ್ ಫ್ರಾನ್ಸಿಸ್, ಅರ್ಜೆಂಟೀನಾದಲ್ಲಿ ಇನ್ನೂ ಬೆರ್ಗೋಲಿಯೊ ಆಗಿದ್ದಾಗಲೇ, ಪಾಪಕ್ಕೂ ಭ್ರಷ್ಟತೆಗೂ ನಡುವಿನ ವ್ಯತ್ಯಾಸವನ್ನು ಕುರಿತು ಒಂದು ಕಿರುಹೊತ್ತಗೆ ಬರೆದಿದ್ದರು. ಪಾಪಿಯು ಎಡವಿ ಬೀಳುತ್ತಾನೆ, ಬಿದ್ದೆನೆಂದು ಅರಿಯುತ್ತಾನೆ, ಕ್ಷಮೆ ಬೇಡುತ್ತಾನೆ. ಭ್ರಷ್ಟನಿಗೆ ಕ್ಷಮೆಯ ಅಗತ್ಯವೇ ತೋರದು, ಅವನು ತನ್ನೊಂದಿಗೆ ತಾನು ನೆಮ್ಮದಿಯಾಗಿದ್ದಾನೆ ಎಂಬುದು ಅದರ ತಿರುಳು. ಚಿತ್ರದ ಪತ್ರಿಕಾಗೋಷ್ಠಿಗಳಲ್ಲಿ ಈ ನೆಮ್ಮದಿಯ ಮುಖಗಳನ್ನು ನೋಡಬಹುದು.

ಇನ್ನೊಬ್ಬರಿದ್ದಾರೆ, ನನಗೆ ಚಿತ್ರದ ಅತಿ ಮುಖ್ಯ ವ್ಯಕ್ತಿ ಅವರೇ. ಸುಟ್ಟಗಾಯಗಳ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ವೈದ್ಯೆಯೊಬ್ಬರು ಪತ್ರಕರ್ತರ ಬಳಿಗೆ ಬರುತ್ತಾರೆ. ಅವರ ಬಳಿ ಒಂದು ವಿಡಿಯೋ ಇದೆ: ಬದುಕಿರುವ ರೋಗಿಯ ಗಾಯದಲ್ಲಿ ಹುಳುಗಳು ಹರಿದಾಡುತ್ತಿವೆ. ಆ ದೃಶ್ಯವನ್ನು ನೋಡಿದವರು ಮರೆಯಲಾರರು. ಆದರೆ ನಾನು ಹೇಳುತ್ತಿರುವುದು ಆ ದೃಶ್ಯದ ಬಗ್ಗೆ ಅಲ್ಲ, ಅದನ್ನು ತಂದ ಕೈಯ ಬಗ್ಗೆ. ಈ ವೈದ್ಯೆ ವೀರನಾರಿಯಂತೆ ಬರುವುದಿಲ್ಲ. ತಡವಾಗಿ ಬರುತ್ತಾರೆ. ಅಲ್ಲಿ ನಡೆಯುವುದೆಲ್ಲ ಅವರಿಗೆ ಮೊದಲೇ ತಿಳಿದಿತ್ತು. ತಿಳಿದೂ ಅವರು ದಿನವೂ ಆ ವಾರ್ಡಿಗೆ ಹೋಗಿ ಬಂದಿದ್ದರು. ಅವರ ಮಾತಿನಲ್ಲಿ ಆಪಾದನೆಯೂ ತಪ್ಪೊಪ್ಪಿಗೆಯೂ ಒಂದೇ ಉಸಿರಿನಲ್ಲಿವೆ. ಇತರರನ್ನು ದೂರುವಾಗ ‘ಅವರು’ ಎನ್ನದೆ ‘ನಾವು ವೈದ್ಯರು’ ಎನ್ನುತ್ತಾರೆ. ಪಾಪನಿವೇದನೆಯ ಪೀಠದಲ್ಲಿ ವರ್ಷಗಟ್ಟಲೆ ಕುಳಿತವರಿಗೆ ಈ ದನಿಯ ಬೆಲೆ ಗೊತ್ತು. ನಿಜವಾದ ನಿವೇದನೆ ಅಪರೂಪವಾಗಿಯೇ ಇಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ, ಮತ್ತು ಇಲ್ಲಿ ಅದು ಕೇಳಿಸಿದ್ದು ಗುರುವಿನ ಮುಂದಲ್ಲ, ಕ್ರೀಡಾ ಪತ್ರಿಕೆಯ ವರದಿಗಾರರ ಮುಂದೆ. ಏಕೆ? ಈ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ಚಿತ್ರದ ನಡುವೆ ಒಂದು ತಿರುವಿದೆ. ಹೊಸ ಆರೋಗ್ಯ ಸಚಿವರಾಗಿ ವ್ಲಾಡ್ ವೊಯ್ಕುಲೆಸ್ಕು ಬರುತ್ತಾರೆ. ಮೂವತ್ತರ ಆಸುಪಾಸಿನ ಯುವಕ. ಕೆಲಕಾಲ ವಿಯೆನ್ನಾದಲ್ಲಿ ಬ್ಯಾಂಕಿನಲ್ಲಿದ್ದವರು. ರೊಮೇನಿಯಾದಲ್ಲಿ ಸಿಗದಿದ್ದ ಕ್ಯಾನ್ಸರ್ ಔಷಧಗಳನ್ನು ಸ್ವಯಂಸೇವಕರ ಜಾಲ ಕಟ್ಟಿ ವಿದೇಶದಿಂದ ತರಿಸಿ ರೋಗಿಗಳಿಗೆ ತಲುಪಿಸಿದವರು. ಅವರು ನಿರ್ದೇಶಕರನ್ನು ತಮ್ಮ ಕಚೇರಿಯೊಳಗೆ ಬಿಟ್ಟುಕೊಂಡರು. ಇಲ್ಲಿಂದ ಕ್ಯಾಮೆರಾ ಪತ್ರಿಕೆಯನ್ನು ಬಿಟ್ಟು ಅಧಿಕಾರದ ಒಳಕೋಣೆಗೆ ಹೋಗುತ್ತದೆ, ಮತ್ತು ಒಳ್ಳೆಯ ಮನುಷ್ಯನೊಬ್ಬ ಕುರ್ಚಿಯ ಮೇಲೆ ಕುಳಿತ ಮಾತ್ರಕ್ಕೆ ಏನು ಮಾಡಬಲ್ಲ, ಏನು ಮಾಡಲಾರ ಎಂಬುದನ್ನು ನಾವು ನೋಡುತ್ತೇವೆ. ಆಸ್ಪತ್ರೆಗಳ ಆಡಳಿತಗಾರರನ್ನು ಬದಲಿಸಲು ನಿಯಮವಿಲ್ಲ. ನಿಯಮ ಬದಲಿಸಲು ಸಮಯವಿಲ್ಲ. ಬುಕಾರೆಸ್ಟಿನ ಒಂದು ಆಸ್ಪತ್ರೆಯಲ್ಲಿ ಶ್ವಾಸಕೋಶ ಕಸಿಗೆ ಸಾಕಷ್ಟು ಸಿದ್ಧತೆಯಿಲ್ಲವೆಂದು ಅನುಮತಿ ತಡೆದಾಗ, ನಗರದ ಮೇಯರ್ ಟಿವಿಯಲ್ಲಿ ಕುಳಿತು, ಸಚಿವರು ರೋಗಿಗಳನ್ನೂ ಹಣವನ್ನೂ ವಿಯೆನ್ನಾಕ್ಕೆ ಸಾಗಿಸುತ್ತಿದ್ದಾರೆ ಎಂದು ದೇಶಾಭಿಮಾನದ ಹೆಸರಿನಲ್ಲಿ ಆಪಾದಿಸುತ್ತಾರೆ. ಸುಳ್ಳಿಗೆ ದೇಶಾಭಿಮಾನದ ಅಂಗಿ ತೊಡಿಸುವುದು ಎಷ್ಟು ಸುಲಭ!

ಈ ಭಾಗದ ಬಗ್ಗೆ ನನ್ನ ತಕರಾರೂ ಇದೆ. ಕ್ಯಾಮೆರಾ ಸಚಿವರನ್ನು ಕೊಂಚ ಹೆಚ್ಚೇ ಮೆಚ್ಚಿಬಿಡುತ್ತದೆ. ಅವರ ಆಯಾಸ, ಅವರ ನಿಟ್ಟುಸಿರು, ಅವರ ಸೌಮ್ಯ ದನಿ ಎಲ್ಲವೂ ನಮಗೆ ಹತ್ತಿರದಿಂದ ಸಿಗುತ್ತವೆ. ಆದರೆ ರಾತ್ರಿ ಪಾಳಿಯಲ್ಲಿ ಆ ದ್ರಾವಣವನ್ನೇ ಬಟ್ಟಲಿಗೆ ಸುರಿದುಕೊಂಡ ದಾದಿಯರು, ನೆಲ ಒರೆಸಿದವರು, ಹಾಸಿಗೆಯ ಬಟ್ಟೆ ಬದಲಿಸಿದವರು ಚಿತ್ರದಲ್ಲಿ ಇಲ್ಲವೇ ಇಲ್ಲ. ಕ್ಲಬ್ಬಿನ ಗಾಯಾಳುಗಳಿಗೆ ಸೋಂಕು ತಗುಲಿದ್ದರೆ, ಅದೇ ದ್ರಾವಣ ಬಳಸಿದ ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿ ಹೆರಿಗೆಗೆ ಬಂದ ಬಡ ಹೆಂಗಸರ ಗತಿಯೇನು? ಅವರಿಗಾಗಿ ಯಾರೂ ಬೀದಿಗಿಳಿಯಲಿಲ್ಲ. ಪತ್ರಿಕಾ ಕಚೇರಿ ಮತ್ತು ಸಚಿವಾಲಯ, ಈ ಎರಡರ ನಡುವೆ ಬಡವರ ವಾರ್ಡು ಕಾಣೆಯಾಗಿದೆ. ಇದನ್ನು ನಿರ್ದೇಶಕರ ಅಪರಾಧವೆನ್ನಲಾರೆ. ಅವರು ಬಾಗಿಲು ತೆರೆದ ಕಡೆ ಹೋದರು. ಆದರೂ ಕೊರತೆ ಕೊರತೆಯೇ.

ಈ ಕೊರತೆಯನ್ನು ಸ್ವಲ್ಪ ತುಂಬುವುದು ಮಾತಿಲ್ಲದ ಒಂದು ದೇಹ. ಬೆಂಕಿಯಲ್ಲಿ ಬೆರಳುಗಳನ್ನು ಕಳೆದುಕೊಂಡು, ತಲೆ ಮೈಯೆಲ್ಲ ಗಾಯದ ಕಲೆಗಳನ್ನು ಹೊತ್ತ ಯುವತಿಯೊಬ್ಬರು ಛಾಯಾಚಿತ್ರಗಳಿಗೆ ನಿಲ್ಲುತ್ತಾರೆ. ಆ ಚಿತ್ರಗಳ ಪ್ರದರ್ಶನ ನಡೆಯುತ್ತದೆ. ಅವರು ತಮ್ಮ ಗಾಯಗಳನ್ನು ಮರೆಮಾಡುವುದಿಲ್ಲ, ಕರುಣೆಯನ್ನೂ ಬೇಡುವುದಿಲ್ಲ. ಯೊವಾನ್ನನ ಶುಭಸಂದೇಶದ 20ನೆಯ ಅಧ್ಯಾಯದಲ್ಲಿ ಪುನರುತ್ಥಾನ ಹೊಂದಿದ ಪ್ರಭು ತೋಮನಿಗೆ ಗಾಯಗಳನ್ನೇ ಗುರುತಾಗಿ ತೋರಿಸಿದ್ದು ನನ್ನ ನೆನಪಿಗೆ ಬಂತು. ಹೋಲಿಕೆಯನ್ನು ಇದಕ್ಕಿಂತ ಹೆಚ್ಚು ಎಳೆಯಲು ನನಗೆ ಇಷ್ಟವಿಲ್ಲ. ಆ ಯುವತಿ ಯಾರ ಪ್ರಬೋಧನೆಗೂ ಉದಾಹರಣೆಯಾಗಲೆಂದು ಬದುಕುಳಿದವರಲ್ಲ.

ಈಗ ಬಾಕಿಯಿಟ್ಟ ಪ್ರಶ್ನೆ. ಚಿತ್ರದಲ್ಲಿ ಧರ್ಮಸಭೆ ಎಲ್ಲಿ? ಜನಸಂಖ್ಯೆಯ ಬಹುಪಾಲು ಆರ್ಥೊಡಾಕ್ಸ್ ಕ್ರೈಸ್ತರಿರುವ ದೇಶವದು. ಹೆಚ್ಚು ಕಡಿಮೆ ಎರಡು ಗಂಟೆಯ ಚಿತ್ರದಲ್ಲಿ ಸತ್ಯ ಹೊರಬರಲು ನೆರವಾದ ಒಬ್ಬ ಗುರುವೂ ಕಾಣಸಿಗುವುದಿಲ್ಲ. 2015ರ ನವೆಂಬರಿನ ಬೀದಿ ಪ್ರತಿಭಟನೆಗಳಲ್ಲಿ ಕೇಳಿಬಂದ ಘೋಷಣೆಗಳಲ್ಲಿ ಒಂದು, ನಮಗೆ ಬೇಕಾದದ್ದು ಆಸ್ಪತ್ರೆಗಳು, ಮಹಾದೇವಾಲಯಗಳಲ್ಲ ಎಂಬುದಾಗಿತ್ತು. ಬುಕಾರೆಸ್ಟಿನಲ್ಲಿ ಆಗ ಸಾರ್ವಜನಿಕ ಹಣದ ನೆರವಿನಿಂದಲೂ ಬೃಹತ್ ಮಹಾದೇವಾಲಯವೊಂದು ಕಟ್ಟಲಾಗುತ್ತಿತ್ತು. 2018ರ ನವೆಂಬರಿನಲ್ಲಿ ಅದರ ಪವಿತ್ರೀಕರಣ ನಡೆಯಿತು. ಕಥೋಲಿಕ ಗುರುವಾಗಿ ಆರ್ಥೊಡಾಕ್ಸ್ ಸೋದರ ಸಭೆಯ ಮೇಲೆ ಬೆರಳು ತೋರಿಸುವ ಹಕ್ಕು ನನಗಿಲ್ಲ. ಅದೇ ನಾಡಿನಲ್ಲಿ ಆಳುವವರ ಸುಳ್ಳಿಗೆ ಸಹಿ ಹಾಕಲೊಪ್ಪದೆ ಸೆರೆಯಲ್ಲಿಯೋ ಬಂಧನದಲ್ಲಿಯೋ ಸತ್ತ ಏಳು ಗ್ರೀಕ್ ಕಥೋಲಿಕ ಧರ್ಮಾಧ್ಯಕ್ಷರನ್ನು 2019ರ ಜೂನ್ 2ರಂದು ಬ್ಲಾಜ್ ಪಟ್ಟಣದಲ್ಲಿ ಪೋಪ್ ಫ್ರಾನ್ಸಿಸ್ ಪುನೀತರೆಂದು ಘೋಷಿಸಿದರು, ನಿಜ. ಆದರೆ ಅವರ ಹೆಸರು ಹೇಳಿ ನಾವು ಬೆನ್ನು ತಟ್ಟಿಕೊಳ್ಳುವಂತಿಲ್ಲ. ಘೋಷಣೆ ನಮ್ಮ ಬೀದಿಯಲ್ಲಿ ಕೂಗಿದರೆ ನಾವು ಏನು ಹೇಳುತ್ತಿದ್ದೆವು?

ಆ ಘೋಷಣೆ ಇಟ್ಟ ಎದುರಾಬದುರು ಕ್ರೈಸ್ತ ಪರಂಪರೆಗೆ ಸೇರಿದ್ದಲ್ಲ ಎಂಬುದೇ ನೋವಿನ ಸಂಗತಿ. ನಾಲ್ಕನೆಯ ಶತಮಾನದಲ್ಲಿ ಕೈಸರೇಯದ ಸಂತ ಬಾಸಿಲರು ತಮ್ಮ ನಗರದ ಹೊರಗೆ ರೋಗಿಗಳಿಗಾಗಿ, ಕುಷ್ಠರಿಗಾಗಿ, ಬಡವರಿಗಾಗಿ ಕಟ್ಟಿದ ನೆಲೆ ಎಷ್ಟು ದೊಡ್ಡದಾಗಿತ್ತೆಂದರೆ, ಅವರ ಗೆಳೆಯ ನಜಿಯಾಂಜಿನ ಸಂತ ಗ್ರೆಗೋರಿಯವರು ತಮ್ಮ ಚರಮ ಭಾಷಣದಲ್ಲಿ ಅದನ್ನು ಹೊಸ ನಗರವೆಂದೇ ಬಣ್ಣಿಸಿದರು. ಆ ಬಾಸಿಲರ ಹೆಸರಿನ ದೈವಾರಾಧನೆ ಇಂದಿಗೂ ರೊಮೇನಿಯಾದ ದೇವಾಲಯಗಳಲ್ಲಿ ನಡೆಯುತ್ತದೆ. ಸಂತ ಯೊವಾನ್ ಕ್ರಿಸೊಸ್ತೊಮರು ಮತ್ತಾಯನ ಶುಭಸಂದೇಶದ ಮೇಲಿನ ಪ್ರಬೋಧನೆಯೊಂದರಲ್ಲಿ, ಪೀಠದ ಮೇಲೆ ಕ್ರಿಸ್ತನಿಗೆ ರೇಷ್ಮೆ ಹೊದಿಸಿ ಬಾಗಿಲಲ್ಲಿ ಚಳಿಗೆ ನಡುಗುವ ಕ್ರಿಸ್ತನನ್ನು ಕಡೆಗಣಿಸುವವರನ್ನು ಖಂಡಿಸಿದ್ದನ್ನು ನಾವೆಲ್ಲ ಬಲ್ಲೆವು. ಮಹಾದೇವಾಲಯ ಮತ್ತು ಆಸ್ಪತ್ರೆ ಎದುರಾಳಿಗಳಾಗಿ ನಿಂತರೆ ಅದಕ್ಕೆ ಕಾರಣ ಕಟ್ಟಡಗಳಲ್ಲ. ಒಂದರ ಒಳಗೆ ನುಡಿಯುವ ಸತ್ಯ ಇನ್ನೊಂದರ ಬಾಗಿಲನ್ನು ದಾಟಿ ಹೋಗಲಿಲ್ಲ ಎಂಬ ಜನರ ಅನುಭವ.

ವೈದ್ಯೆ ಪತ್ರಕರ್ತರ ಬಳಿಗೆ ಏಕೆ ಹೋದರು ಎಂಬುದಕ್ಕೆ ಉತ್ತರ ಹುಡುಕಲು ನಾನು ರೊಮೇನಿಯಾದವರೆಗೆ ಹೋಗಬೇಕಾಗಿಲ್ಲ. ಗುರುದೀಕ್ಷೆಯ ಮೊದಲ ವರ್ಷಗಳಲ್ಲಿ ನಾನು ಒಂದು ಆಸ್ಪತ್ರೆಯಲ್ಲಿ ಆಧ್ಯಾತ್ಮಿಕ ಪಾಲಕನಾಗಿದ್ದೆ. ಬೆಳಿಗ್ಗೆ ವಾರ್ಡುಗಳಿಗೆ ಪರಮ ಪ್ರಸಾದ ಕೊಂಡೊಯ್ಯುವುದು, ಕರೆದಾಗ ಹೋಗಿ ರೋಗಿಗಳ ಅಭ್ಯಂಗ ನೀಡುವುದು ನನ್ನ ಕೆಲಸ. ಒಂದು ಸಂಜೆ ಪ್ರಾರ್ಥನಾಮಂದಿರದ ಹೊರಗೆ ದಾದಿಯೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ಅದು ಪಾಪನಿವೇದನೆಯಾಗಿರಲಿಲ್ಲ, ಆಗಿದ್ದರೆ ಇಲ್ಲಿ ಅದರ ಸುಳಿವನ್ನೂ ಕೊಡುತ್ತಿರಲಿಲ್ಲ. ಒಮ್ಮೆ ಬಳಸಿ ಎಸೆಯಬೇಕಾದ ಸಾಮಾನುಗಳನ್ನು ತೊಳೆದು ಮತ್ತೆ ಬಳಸಲು ಹೇಳುತ್ತಿದ್ದಾರೆ, ಬಿಲ್ಲಿನಲ್ಲಿ ಮಾತ್ರ ಹೊಸದರ ದರ ಬರೆಯುತ್ತಾರೆ ಎಂದು ಹೇಳಿದರು. “ನಾನು ಏನು ಮಾಡಲಿ ಫಾದರ್?” ಎಂದರು. ಪ್ರಾರ್ಥನೆ ಮಾಡಿ, ತಾಳ್ಮೆಯಿಂದಿರಿ, ಮೇಲಿನವರಿಗೆ ಸಮಯ ಬಂದಾಗ ಹೇಳೋಣ ಎಂದೆ. ಆ ಮಾತನ್ನು ಹೇಳುವಾಗ ನನಗೆ ಅವರ ಬಗ್ಗೆ ಮರುಕವಿತ್ತು, ಸಂಸ್ಥೆಯ ಹೆಸರಿನ ಬಗ್ಗೆ ಕಾಳಜಿಯಿತ್ತು, ನನ್ನ ಸ್ಥಾನದ ಬಗ್ಗೆ ಅಂಜಿಕೆಯೂ ಇತ್ತು. ಮೇಲಿನವರಿಗೆ ಹೇಳುವ ಸಮಯ ಬರಲಿಲ್ಲ. ನಾನು ಅದನ್ನು ತರಲಿಲ್ಲ ಎಂದರೆ ಸರಿಯಾದೀತು. ಮಾರನೆಯ ದಿನವೂ ಅದೇ ವಾರ್ಡಿಗೆ ಪರಮ ಪ್ರಸಾದದ ಕರಡಿಗೆ ಹಿಡಿದು ಹೋದೆ. ದ್ರಾಕ್ಷಾರಸಕ್ಕೆ ಎಷ್ಟು ನೀರು ಬೆರೆಸಬಹುದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಮಾತಿಗೆ ಎಷ್ಟು ಬೆರೆಸಿದೆನೆಂದು ಅಳೆಯಲಿಲ್ಲ.

ಚಿತ್ರದ ಕೊನೆಗೆ 2016ರ ಡಿಸೆಂಬರಿನ ಚುನಾವಣೆ ಬರುತ್ತದೆ. ಮತದಾನಕ್ಕೆ ಬಂದವರು ನೂರಕ್ಕೆ ನಲವತ್ತಕ್ಕಿಂತ ಕಡಿಮೆ. ಬೆಂಕಿಯ ದಿನಗಳಲ್ಲಿ ಅಧಿಕಾರದಲ್ಲಿದ್ದ ಪಕ್ಷವೇ ದೊಡ್ಡ ಗೆಲುವು ಪಡೆಯಿತು. ಸಚಿವರ ತಂದೆ 

ಫೋನಿನಲ್ಲಿ ಮಗನಿಗೆ ವಿಯೆನ್ನಾಕ್ಕೆ ಮರಳಿಬಿಡು ಎಂದು ಬುದ್ಧಿ ಹೇಳುತ್ತಾರೆ. ಮಗನನ್ನು ಕಳೆದುಕೊಂಡ ಕುಟುಂಬ ಸಮಾಧಿಯ ಬಳಿ ಹೋಗುತ್ತದೆ. ಒಂದು ವರ್ಷದ ಶ್ರಮವೆಲ್ಲ ನಿಷ್ಫಲವಾಯಿತೇ ಎಂದು ನಮ್ಮ ತರಗತಿಯಲ್ಲಿ ಹಲವರು ಖಿನ್ನರಾದರು. ಯೆರೆಮೀಯನನ್ನು ಓದಿದವರಿಗೆ ಈ ಖಿನ್ನತೆ ಪರಿಚಿತ. ಆದರೂ ದ್ರಾವಣದ ಬಾಟಲಿಯಲ್ಲಿ ಏನಿತ್ತೆಂಬುದು ಇಂದು ಎಲ್ಲರಿಗೂ ಗೊತ್ತು. ಅದನ್ನು ಯಾವ ಚುನಾವಣೆಯೂ ಮತ್ತೆ ಮುಚ್ಚಲಾರದು.

ಪ್ರಶ್ನೆ ಕೇಳಿದ ಬ್ರದರ್ ಈ ವರ್ಷ ಉಪಯಾಜಕರಾಗಿ ಆಸ್ಪತ್ರೆಯೊಂದರ ಸೇವೆಗೆ ನಿಯುಕ್ತರಾಗಿದ್ದಾರೆ. ಹೊರಡುವ ಮುನ್ನ ನನ್ನನ್ನು ಕಾಣಲು ಬಂದಾಗ ದಾದಿಯ ಸಂಗತಿಯನ್ನು ಅವರಿಗೆ ಹೇಳಿದೆ. ಆಮೇಲೆ ಅವರು ಏನಾದರು ಎಂದು ಕೇಳಿದರು. ಆ ವರ್ಷದೊಳಗೆ ಅವರು ಕೆಲಸ ಬಿಟ್ಟರು. ಹೋಗುವಾಗ ನನಗೆ ಹೇಳಿ ಹೋಗಲಿಲ್ಲ.